ನಮ್ಮ ಮನೆಯಂಥ ಮನೆ ಪರದೆಯ ಮೇಲೆ

ನಿಮ್ಮ ಅತ್ಯಂತ ಮೆಚ್ಚಿನ ಸಿನಿಮಾ ಯಾವುದು ಎಂದು ಯಾರಾದರೂ ಕೇಳಿದರೆ ನಾವು ಮೊದಲು ಕೇಳಿದವರ ಮುಖ ನೋಡುತ್ತೇವೆ. ಕೆಲಸದ ಜಾಗದಲ್ಲಿ ಒಂದು ಉತ್ತರ, ಸಾಹಿತ್ಯದ ಗೆಳೆಯರ ನಡುವೆ ಇನ್ನೊಂದು, ಮನೆಯಲ್ಲಿ ಮತ್ತೊಂದು. ಮೂರೂ ನಿಜವೇ. ಆದರೆ ಮನೆಯ ಉತ್ತರಕ್ಕೆ ಮಾತ್ರ ಜಗಳವಾಗುತ್ತದೆ.

ರಂಜಾನ್ ಹಬ್ಬದ ಮರುದಿನ ನಮ್ಮಲ್ಲಿ ನೆಂಟರೆಲ್ಲ ಸೇರುತ್ತಾರೆ. ಶೀರ್ ಖುರ್ಮಾದ ಬಟ್ಟಲುಗಳು ಖಾಲಿಯಾಗುವ ಹೊತ್ತಿಗೆ ಮಾತು ತಾನಾಗಿಯೇ ಸಿನಿಮಾದ ಕಡೆಗೆ ತಿರುಗುತ್ತದೆ. ಸಿನಿಮಾ ನೋಡುವುದೇ ತಪ್ಪು ಎನ್ನುವ ಮಾಮೂ ಕೂಡ ಎದ್ದು ಹೋಗುವುದಿಲ್ಲ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ನಟರ ಹೆಸರು ತಪ್ಪು ಹೇಳಿದವರನ್ನು ತಿದ್ದುತ್ತಾ ಕೂರುತ್ತಾರೆ!

ನಾನಿ ಬದುಕಿದ್ದಾಗ ಅವರ ಮೆಚ್ಚಿನ ಚಿತ್ರ ‘ಮೊಘಲ್-ಎ-ಆಜಂ’. ವಿಚಿತ್ರವೆಂದರೆ ಅವರು ಅದನ್ನು ನೋಡಿರಲೇ ಇಲ್ಲ. 1960ರಲ್ಲಿ ಅದು ಬಂದಾಗ ನಮ್ಮ ಮನೆಯ ಹೆಂಗಸರು ಟಾಕೀಸಿಗೆ ಹೋಗುವ ರೂಢಿ ಇರಲಿಲ್ಲ. ಆ ಚಿತ್ರದ ಸಂಭಾಷಣೆಗಳ ಗ್ರಾಮಫೋನ್ ತಟ್ಟೆಗಳು ಬರುತ್ತಿದ್ದವು. ಪಕ್ಕದ ಮನೆಯ ಗೋಡೆಗೆ ಕಿವಿಯಿಟ್ಟು ಅವರು ಇಡೀ ಸಿನಿಮಾವನ್ನು ಕೇಳಿಸಿಕೊಂಡಿದ್ದರು. ಪೃಥ್ವಿರಾಜ್ ಕಪೂರರ ಗುಡುಗಿಗೆ ಬೆಚ್ಚಿದ್ದರೂ, ತೀರ್ಪು ಮಾತ್ರ ಅವರದೇ: ತಾಯಿಯಾದವಳು ಗಟ್ಟಿಯಾಗಿ ನಿಂತಿದ್ದರೆ ಅಪ್ಪ-ಮಗ ಇಷ್ಟು ದೂರ ಹೋಗುತ್ತಿರಲಿಲ್ಲ!

ನಾನಿಯ ಆಯ್ಕೆಯನ್ನು ನಾವು ಗೌರವಿಸಿದೆವೇ ಹೊರತು ಒಪ್ಪಲಿಲ್ಲ. ‘ಚೌದವೀಂ ಕಾ ಚಾಂದ್’, ‘ಮೇರೆ ಮೆಹಬೂಬ್’, ‘ಪಾಕೀಜಾ’ ಎಲ್ಲವೂ ಚೆಲುವಾದ ಚಿತ್ರಗಳೇ. ಅಲ್ಲಿಯ ನವಾಬರು, ಶಾಯರಿ, ಕೊಠಿಗಳ ಝೂಮರುಗಳನ್ನು ಬಾಯಿ ಬಿಟ್ಟುಕೊಂಡು ನೋಡಿದ್ದೇವೆ. ಆದರೆ ನಮ್ಮ ಬೀದಿಯಲ್ಲಿ ಇದ್ದವರು ಬೀಡಿ ಕಟ್ಟುವವರು, ಕಲಾಯಿ ಹಾಕುವವರು, ಲಾರಿ ಕ್ಲೀನರುಗಳು. ನಾವು ಮನೆಯಲ್ಲಿ ಆಡುವುದು ‘ನಕ್ಕೋ’, ‘ಕೈಕೂ’, ‘ಹೌ’ ಎನ್ನುವ ದಖನಿ. ಉರ್ದು ಶಾಲೆಯ ಮೇಷ್ಟ್ರು ‘ನಕ್ಕೋ’ ಎಂದವರ ಕಿವಿ ಹಿಂಡಿ ‘ನಹೀಂ’ ಹೇಳಿಸುತ್ತಿದ್ದರು. ಲಖನೌದ ಉರ್ದು ನಮಗೆ ಮೇಷ್ಟ್ರ ಭಾಷೆಯಾಗಿ ಕೇಳಿಸಿತು, ಮನೆಯ ಭಾಷೆಯಾಗಿ ಅಲ್ಲ.

ಕನ್ನಡ ಶಾಲೆಗೆ ಸೇರಿದ ಮೇಲೆ ಕನ್ನಡ ಸಿನಿಮಾ ನಮ್ಮದಾಯಿತು. ಅಲ್ಲಿ ಬೇರೆಯೇ ಕಾಟ. ಸಾಬರ ಪಾತ್ರ ಬಂದರೆ ಸಾಕು, ‘ನಮ್ದುಕೆ, ನಿಮ್ದುಕೆ’ ಎಂಬ ಕನ್ನಡ. ಟಾಕೀಸೆಲ್ಲ ನಗುತ್ತಿತ್ತು, ನಾವೂ ನಗುತ್ತಿದ್ದೆವು. ಮರುದಿನ ತರಗತಿಯಲ್ಲಿ ನಮ್ಮ ಕನ್ನಡ ಎಷ್ಟೇ ನೆಟ್ಟಗಿದ್ದರೂ ಹುಡುಗರು ಅದನ್ನೇ ಆಡಿಸುತ್ತಿದ್ದರು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಬಂದಾಗ ಪರದೆಯ ಮೇಲಿನ ಮುಸ್ಲಿಮನೊಬ್ಬ ತಡವರಿಸದೆ ಕನ್ನಡ ಆಡಿದ. ಅಷ್ಟಕ್ಕೇ ನಮ್ಮ ಎದೆ ಉಬ್ಬಿತ್ತು.

ಅಬ್ಬಾನಿಗೆ ಈ ಲೆಕ್ಕಾಚಾರ ಯಾವುದೂ ಇರಲಿಲ್ಲ. ಅವರದು 1972ರ ‘ಬಂಗಾರದ ಮನುಷ್ಯ’. ತಾನು ಸಾಕಿದವರಿಂದಲೇ ಮಾತು ಕೇಳಿ ರಾಜೀವ ಮನೆ ಬಿಟ್ಟು ನಡೆಯುವಾಗ ಅವರು ಪ್ರತಿ ಸಲವೂ ಅತ್ತಿದ್ದಾರೆ. ಸತ್ತ ಅಕ್ಕನ ಮಕ್ಕಳನ್ನು ಮಂಡಿಯ ಗುಮಾಸ್ತಗಿರಿಯಲ್ಲೇ ಓದಿಸಿದವರು ಅವರು. ರಾಜೀವನ ಜಾತಿ ಯಾವುದೆಂದು ಅವರಿಗೆ ಹೊಳೆಯಲೇ ಇಲ್ಲ.

ನಮ್ಮ ಆಯ್ಕೆ ‘ಗರಂ ಹವಾ’. ಇಸ್ಮತ್ ಚುಗ್ತಾಯಿಯವರ ಕಥೆ, ಕೈಫಿ ಆಜ್ಮಿ ಮತ್ತು ಶಮಾ ಜೈದಿಯವರ ಚಿತ್ರಕಥೆ, ಮೈಸೂರಿನಲ್ಲಿ ಹುಟ್ಟಿದ ಎಂ.ಎಸ್. ಸತ್ಯು ಅವರ ನಿರ್ದೇಶನ. ಕೋಮುಗಲಭೆಯ ಭಯದಲ್ಲಿ ಸೆನ್ಸಾರಿನಲ್ಲಿ ತಿಂಗಳುಗಟ್ಟಲೆ ಸಿಕ್ಕಿಕೊಂಡಿದ್ದ ಈ ಚಿತ್ರ, ಮೊದಲು ತೆರೆಕಂಡದ್ದು ನಮ್ಮ ಬೆಂಗಳೂರಿನ ಎರಡು ಚಿತ್ರಮಂದಿರಗಳಲ್ಲಿ. ಸಲೀಂ ಮಿರ್ಜಾ ಆಗಿದ್ದ ಬಲರಾಜ್ ಸಾಹನಿ ಅದನ್ನು ನೋಡಲು ಇರಲಿಲ್ಲ. 1973ರ ಏಪ್ರಿಲ್‌ನಲ್ಲೇ ತೀರಿಕೊಂಡಿದ್ದರು. 2014ರಲ್ಲಿ ಹಳೆಯ ಪ್ರತಿಯನ್ನು ಸರಿಪಡಿಸಿ ಮತ್ತೆ ಬಿಡುಗಡೆ ಮಾಡಿದಾಗ ನಾವು ದೊಡ್ಡ ಪರದೆಯಲ್ಲಿ ನೋಡಿದೆವು. ಆ ದಿನಗಳಲ್ಲೇ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆವು. ಫೋನಿನಲ್ಲಿ ನಮ್ಮ ಕನ್ನಡ ಕೇಳಿ ಮನೆಯೊಡತಿಯೊಬ್ಬರು ಬಹಳ ಖುಷಿಪಟ್ಟಿದ್ದರು, ನಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನೂ ಹೇಳಿದ್ದರು. ಕೊನೆಗೆ ಹೆಸರು ಕೇಳಿದರು. ಆಮೇಲೆ, ಮನೆ ಈಗತಾನೆ ಬೇರೆಯವರಿಗೆ ಆಯಿತು ಎಂದರು. ಮುಂದಿನ ಮನೆಗಳಿಗೆ ಫೋನು ಮಾಡುವಾಗ ನಾವು ಮೊದಲು ಹೆಸರು, ನಂತರ ನಮಸ್ಕಾರ ಹೇಳತೊಡಗಿದೆವು.

ಆಗ್ರಾದ ಸಲೀಂ ಮಿರ್ಜಾನದೂ ಅದೇ ಪಾಡು. ಪಾಕಿಸ್ತಾನಕ್ಕೆ ಹೋದ ಅಣ್ಣನ ಹೆಸರಿನಲ್ಲಿದ್ದ ಹವೇಲಿ ಕೈತಪ್ಪಿ, ಆತ ಬಾಡಿಗೆ ಮನೆಗಾಗಿ ಬೀದಿ ಬೀದಿ ಅಲೆಯುತ್ತಾನೆ. ಹವೇಲಿ ಬಿಟ್ಟು ಬರಲೊಲ್ಲದೆ ಮೂಲೆಯಲ್ಲಿ ಅಡಗಿ ಕೂರುವ ಅವನ ಮುದಿತಾಯಿ, ಕಡೆಯುಸಿರು ಬಿಡಲು ಪಲ್ಲಕ್ಕಿಯಲ್ಲಿ ಅಲ್ಲಿಗೇ ಮರಳುತ್ತಾಳೆ. ಆ ಮುದುಕಿಯನ್ನು ನೋಡುವಾಗ ಕತ್ತಲಲ್ಲಿ ನಮಗೆ ಕಂಡದ್ದು ನಾನಿಯ ಮುಖ.

“ಸೋತವರ ಕಥೆಯನ್ನೇ ಯಾಕೆ ಮೆಚ್ಚುತ್ತೀರಿ?” ಎಂದು ಭಾಯ್ ರೇಗಿದರು. ಸಲೀಂ ಮಿರ್ಜಾ ಸೋಲುವುದಿಲ್ಲ, ಹೊರಟ ಟಾಂಗಾದಿಂದ ಇಳಿದು ಮೆರವಣಿಗೆಗೆ ಸೇರುತ್ತಾನೆ ಎಂದೆವು. ಅಷ್ಟರಲ್ಲಿ ಆಪಾ ಬಾಯಿ ಹಾಕಿದರು. ಅವರದು ಗಿರೀಶ ಕಾಸರವಳ್ಳಿಯವರ ‘ಹಸೀನಾ’, 2004ರದು. ಬಾನು ಮುಷ್ತಾಕರ ‘ಕರಿ ನಾಗರಗಳು’ ಕಥೆಯನ್ನು ಆಧರಿಸಿದ್ದು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದದ್ದು. ಗಂಡ ಬಿಟ್ಟುಹೋದ ಹೆಣ್ಣು ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ನ್ಯಾಯಕ್ಕಾಗಿ ಕೂರುತ್ತಾಳೆ. ಬಾಗಿಲ ಬಳಿಯ ಕುರ್ಚಿಯಿಂದ ಮಾಮೂ, “ನಮ್ಮ ಮನೆಯ ಕೊಳೆಯನ್ನು ಊರಿಗೆಲ್ಲ ತೋರಿಸುವುದೇ ಕಲೆಯೇನಮ್ಮಾ? ಮೊದಲೇ ನಮ್ಮನ್ನು ಆಡಿಕೊಳ್ಳುವವರು ಕಡಿಮೆಯೇ?” ಎಂದರು. ಆಪಾ ತಣ್ಣಗೆ, “ನಿಮಗೆ ಬಾಡಿಗೆ ಮನೆ ಕೊಡದವರ ಸಿನಿಮಾ ಬೇಕು ಮಾಮೂ. ನಮ್ಮನ್ನು ಮನೆಯಿಂದ ಹೊರಗೆ ಹಾಕಿದವರ ಸಿನಿಮಾ ಬೇಡ” ಎಂದರು. ಯಾರೂ ಮಾತಾಡಲಿಲ್ಲ. ಮಾಮೂ ಚಹಾ ಕೇಳಿದರು.

ಆಪಾ ಮಾತಿಗೆ ನಮ್ಮಲ್ಲಿ ಉತ್ತರವಿಲ್ಲ. ಕಥೆ ಬರೆಯಲು ಕುಳಿತಾಗಲೆಲ್ಲ ಮಾಮೂ ಮತ್ತು ಆಪಾ ಇಬ್ಬರೂ ಮೇಜಿನ ಆಚೆ ಈಚೆ ನಿಂತಿರುತ್ತಾರೆ.

ಕಳೆದ ಹಬ್ಬಕ್ಕೆ ತಂಗಿಯ ಮಗ ಹೊಸ ಹೆಸರು ಹೇಳಿದ: ‘ಸುಡಾನಿ ಫ್ರಂ ನೈಜೀರಿಯಾ’. 2018ರ ಮಲಯಾಳಂ ಚಿತ್ರ. ಮಲಪ್ಪುರಂನ ಫುಟ್‌ಬಾಲ್ ತಂಡಕ್ಕೆ ಆಡಲು ಬಂದು ಗಾಯಗೊಂಡ ಆಫ್ರಿಕಾದ ಹುಡುಗ, ಮ್ಯಾನೇಜರನ ಮನೆಯಲ್ಲಿ ಇಬ್ಬರು ಮುದುಕಿಯರ ಆರೈಕೆಯಲ್ಲಿ ಇರುತ್ತಾನೆ. ಅಲ್ಲಿಯ ಮುಸ್ಲಿಮರು ಯಾರಿಗೂ ಏನನ್ನೂ ರುಜುವಾತು ಮಾಡುವುದಿಲ್ಲ. ಅಡುಗೆ ಮಾಡುತ್ತಾರೆ, ಮುನಿಸಿಕೊಳ್ಳುತ್ತಾರೆ, ಚೆಂಡಾಟದ ಹುಚ್ಚಿನಲ್ಲಿರುತ್ತಾರೆ. ಹುಡುಗ ಅದನ್ನು ಮೊಬೈಲಿನಲ್ಲಿ ಹಚ್ಚಿ ಅಮ್ಮಿಯ ಕೈಗಿಟ್ಟ. ಅಮ್ಮಿಗೆ ಮಲಯಾಳಂ ಬಾರದು, ಇಂಗ್ಲಿಷ್ ಅಕ್ಷರ ಮೊದಲೇ ಬಾರದು. ಭಾಷೆಯೇ ತಿಳಿಯದ ರೋಗಿಯ ಪಕ್ಕ ಕುಳಿತು ಆ ಮುದುಕಿ ತನ್ನ ಪಾಡಿಗೆ ಮಾತಾಡುತ್ತಿದ್ದಳು. ಕೆಳಗಿನ ಸಾಲು ಓದಿ ಅರ್ಥ ಹೇಳಲೇ ಎಂದು ನಾವು ಬಗ್ಗಿದೆವು.

“ನಕ್ಕೋ” ಎಂದು ಅಮ್ಮಿ ನಮ್ಮ ಕೈ ಸರಿಸಿದರು. “ಊಟ ಮಾಡು ಅಂತಿದಾಳೆ.”