ದಿಲ್ಲಿಯ ಭಾರತ ಮಂಟಪ

ದಿಲ್ಲಿಯ ಪುರಾನಾ ಕಿಲ್ಲೆಯ ಸಮೀಪದಲ್ಲಿರುವ ಪ್ರಗತಿ ಮೈದಾನವನ್ನು ಹೊಕ್ಕ ಪ್ರವಾಸಿಗರ ಕಣ್ಣನ್ನು ಮೊದಲು ಸೆಳೆಯುವುದು ಶಂಖಾಕೃತಿಯ ಭಾರತ ಮಂಟಪ. 2023ರ ಜುಲೈ 26ರಂದು ಉದ್ಘಾಟನೆಗೊಂಡ ಈ ಸಮಾವೇಶ ಭವನದ ಮುಖ್ಯ ಸಭಾಂಗಣಗಳಲ್ಲಿ ಒಟ್ಟು 7,000 ಜನರಿಗೆ ಆಸನವುಂಟು. ಅದೇ ಸೆಪ್ಟೆಂಬರಿನಲ್ಲಿ ಜಿ-20 ರಾಷ್ಟ್ರಗಳ ನಾಯಕರು ನೆರೆದುದೂ ಇಲ್ಲಿಯೇ. ಬಸವಣ್ಣನವರ ಅನುಭವ ಮಂಟಪವೇ ಈ ಹೆಸರಿಗೆ ಸ್ಫೂರ್ತಿಯೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ.

ಆದರೆ ಈ ವೈಭವಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. 1972ರ ಏಷ್ಯಾ ವಾಣಿಜ್ಯ ಮೇಳಕ್ಕೆಂದು ಈ ಮೈದಾನದಲ್ಲಿ 'ಹಾಲ್ ಆಫ್ ನೇಷನ್ಸ್' ಎದ್ದು ನಿಂತಿತ್ತು. ವಿನ್ಯಾಸ ರಾಜ್ ರೇವಾಲರದು, ಎಂಜಿನಿಯರಿಕೆ ಮಹೇಂದ್ರ ರಾಜರದು. ಅಂತಹ ಜಾಲರಿ ಚೌಕಟ್ಟನ್ನು ಪಶ್ಚಿಮ ದೇಶಗಳಲ್ಲಿ ಉಕ್ಕಿನಿಂದ ಹೆಣೆಯುವುದು ವಾಡಿಕೆ. ಉಕ್ಕು ದುಬಾರಿಯಾಗಿದ್ದ ನಮ್ಮಲ್ಲಿ ಕೂಲಿಕಾರರು ಸ್ಥಳದಲ್ಲಿಯೇ ಕಾಂಕ್ರೀಟ್ ಎರೆದು ಅದನ್ನು ಮೇಲೆಬ್ಬಿಸಿದರು. ಅಷ್ಟು ವಿಶಾಲವಾದ ಅಂಗಣದ ನಡುವೆ ಒಂದು ಕಂಬವೂ ಇರಲಿಲ್ಲ! ತ್ರಿಕೋನಗಳ ಸಂದಿನಿಂದ ಬಿಸಿಲು ಸೋಸಿ ಬರುತ್ತಿತ್ತು.

ಹೊಸ ಭವನದ ಯೋಜನೆ ಬಂದಾಗ, ಹಳೆಯದನ್ನು ಉಳಿಸಿರೆಂದು ರೇವಾಲರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಪಾರಂಪರಿಕ ಕಟ್ಟಡವೆನಿಸಲು 60 ವರ್ಷವಾದರೂ ತುಂಬಿರಬೇಕೆಂಬುದು ಸಂರಕ್ಷಣಾ ಸಮಿತಿಯ ನಿಲುವಾಗಿತ್ತು. 2017ರ ಏಪ್ರಿಲ್ ತಿಂಗಳ ಒಂದು ರಾತ್ರಿ ಯಂತ್ರಗಳು ಅದನ್ನು ನೆಲಸಮ ಮಾಡಿದವು. ಆಗ ಅದಕ್ಕೆ 45ನೆಯ ವರ್ಷ ನಡೆಯುತ್ತಿತ್ತು.