‘ತಾಂ’ ಎಂದವನ ಊರಿಗೆ

ಪ್ಯಾರಿಸ್ಸಿನ ಏಳನೇ ನಂಬರಿನ ಮೆಟ್ರೋ ಹಿಡಿದು ದಕ್ಷಿಣಕ್ಕೆ ಹೋಗಿ ಕ್ರೆಮ್ಲ್ಯಾಂ-ಬಿಸೆತ್ರ್‌ನಲ್ಲಿ ಇಳಿದೆ. ಜೊತೆಗೆ ಇಳಿದವರಲ್ಲಿ ಕ್ಯಾಮೆರಾದವರು ಯಾರೂ ಇರಲಿಲ್ಲ. ಎಕ್ಸ್‌ರೇ ಕವರು ಹಿಡಿದವರಿದ್ದರು. ಬಿಸೆತ್ರ್ ಇವತ್ತಿಗೂ ಆಸ್ಪತ್ರೆಯೇ. ಅವರ ಹಿಂದೆಯೇ ಗೇಟಿನ ತನಕ ನಡೆದೆ. ಒಳಗೆ ನನಗೆ ಬೇಕಾಗಿದ್ದವನು ತೀರಿಕೊಂಡು ನೂರರವತ್ತು ವರ್ಷ ದಾಟಿದೆ.

ಅವನು ಲಬೋರ್ನ್. ಮೂವತ್ತರ ಸುಮಾರಿಗೆ ಮಾತು ಬಿದ್ದುಹೋಗಿ ಇಲ್ಲಿ ಸೇರಿದ. ಏನು ಕೇಳಿದರೂ ‘ತಾಂ, ತಾಂ’ ಅಷ್ಟೇ. ಆಸ್ಪತ್ರೆಯವರೆಲ್ಲ ಅವನನ್ನು ತಾಂ ಎಂದೇ ಕರೆದರು. ಮುಂದೆ ಬಲಗೈ, ಆಮೇಲೆ ಬಲಗಾಲು ಸ್ವಾಧೀನ ತಪ್ಪಿದವು. 1861ರ ಏಪ್ರಿಲ್‌ನಲ್ಲಿ ಕಾಲು ಕೊಳೆಯತೊಡಗಿ, ಶಸ್ತ್ರಚಿಕಿತ್ಸೆಗೆಂದು ಡಾಕ್ಟರ್ ಪಾಲ್ ಬ್ರೋಕಾ ಬಳಿ ತಂದರು.

ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು ಎಂದು ಬ್ರೋಕಾ ಕೇಳಿದರು. ತಾಂ ಅಂಗೈಯನ್ನು ನಾಲ್ಕು ಸಲ ಬಿಚ್ಚಿದ. ಕೊನೆಗೆ ಒಂದೇ ಒಂದು ಬೆರಳು. ಇಪ್ಪತ್ತೊಂದು. ಲೆಕ್ಕ ಸರಿಯಾಗಿತ್ತು! ಮರುದಿನ ಕೇಳಿದರೂ ಅದೇ ಉತ್ತರ. ಮೂರನೇ ಸಲ ಕೇಳಿದಾಗ, ಇವರು ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದು ಹೊಳೆದು ಸಿಟ್ಟು ನೆತ್ತಿಗೇರಿತು. ಆಗ ಬಂತು ನೋಡಿ, ದೇವರ ಹೆಸರು ಹಿಡಿದು ಒಂದು ಬೈಗುಳ. ಪೂರ್ತಿ ಬೈಗುಳ.

ಗೇಟಿನೆದುರು ನಿಂತು ನಾನೂ ಎಡಗೈಯನ್ನು ನಾಲ್ಕು ಸಲ ಬಿಚ್ಚಿ ನೋಡಿದೆ. ಕಾವಲಿನವನು ಏನು ಬೇಕು ಎಂಬಂತೆ ಹುಬ್ಬೇರಿಸಿದ.

ಇಷ್ಟು ದೂರ ಬಂದದ್ದು ಮೈಸೂರಿನ ನಮ್ಮ ದೊಡ್ಡಪ್ಪನಿಂದಾಗಿ. ಲಕ್ವ ಹೊಡೆದ ಮೇಲೆ ಅವರ ಬಾಯಲ್ಲಿ ಉಳಿದದ್ದು ‘ಅದೇ’ ಒಂದೇ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ನಾನೇ ಕರೆದೊಯ್ಯುತ್ತಿದ್ದೆ. ಬೀಗದ ಕೈಯ ಚಿತ್ರ ತೋರಿಸಿದರೆ ಗಾಳಿಯಲ್ಲೇ ಮಣಿಕಟ್ಟು ತಿರುವಿ, ಬಾಗಿಲು ತೆಗೆದು, ‘ಅದೇ!’ ಎನ್ನುತ್ತಿದ್ದರು. ಹೆಸರು ಮಾತ್ರ ಬಾರದು. ಸಂಜೆ ದೊಡ್ಡಮ್ಮ ದೇವರನಾಮ ಎತ್ತಿಕೊಟ್ಟರೆ ಒಂದು ಚರಣವನ್ನೂ ಬಿಡದೆ ಹಾಡಿ ಮುಗಿಸುತ್ತಿದ್ದರು. ಇದಕ್ಕೆ ಅಫೇಸಿಯಾ ಎನ್ನುತ್ತಾರೆ, ಬುದ್ಧಿ ಕೆಟ್ಟಿಲ್ಲ, ಮಾತಿನ ದಾರಿ ಕಟ್ಟಿದೆ ಎಂದು ಅಲ್ಲಿ ತಿಳಿಸಿ ಹೇಳಿದರು. ಬ್ರೋಕಾ ಹೆಸರು ನಾನು ಕೇಳಿದ್ದು ಅಲ್ಲೇ.

ಏಪ್ರಿಲ್ 17ರಂದು ತಾಂ ಸತ್ತ. ಮರುದಿನವೇ ಬ್ರೋಕಾ ಅವನ ಮೆದುಳನ್ನು ಮಾನವಶಾಸ್ತ್ರ ಸಂಘದ ಸಭೆಗೆ ಒಯ್ದರು. ಎಡಗಡೆ, ಹಣೆಯ ಹಿಂದಿನ ಭಾಗ ಹಾಳಾಗಿತ್ತು. ಅದೇ ವರ್ಷ ಇನ್ನೊಬ್ಬ ಸಿಕ್ಕ, 84ರ ಮುದುಕ ಲೆಲೋಂ. ಅವನ ಹತ್ತಿರ ಉಳಿದಿದ್ದವು ಐದೇ ಪದ. ಯಾವ ಸಂಖ್ಯೆ ಕೇಳಿದರೂ ‘ಮೂರು’ ಎನ್ನುತ್ತಿದ್ದ, ಬೆರಳುಗಳು ಮಾತ್ರ ಸರಿಯಾದ ಲೆಕ್ಕ ತೋರಿಸುತ್ತಿದ್ದವು. ಬಾಯಿ ತಪ್ಪಿದ್ದನ್ನು ಕೈ ತಿದ್ದುತ್ತಿತ್ತು! ಅವನ ಮೆದುಳಿನಲ್ಲೂ ಪೆಟ್ಟು ಬಿದ್ದದ್ದು ಹೆಚ್ಚುಕಡಿಮೆ ಅಲ್ಲೇ. ಆ ಜಾಗಕ್ಕೆ ಈಗ ಬ್ರೋಕಾ ಹೆಸರಿದೆ. ತಾಂನ ಮೆದುಳನ್ನು ಕೊಯ್ಯದೆ ಇಡಿಯಾಗಿ ಉಳಿಸಿದ್ದರಿಂದ ಅದಕ್ಕೂ ಎಂಆರ್‌ಐ ಆಯಿತು. ಗಾಯ ಬ್ರೋಕಾ ಕಂಡದ್ದಕ್ಕಿಂತ ಬಹಳ ಆಳಕ್ಕೆ ಇಳಿದಿತ್ತೆಂದು 2007ರಲ್ಲಿ ಪ್ರಕಟಿಸಿದರು. ಅದಿದ್ದ ದ್ಯುಪ್ಯೂಟ್ರೆನ್ ಸಂಗ್ರಹಾಲಯ 2016ರಲ್ಲೇ ಮುಚ್ಚಿತು. ನನಗೇನೂ ಬೇಸರವಾಗಲಿಲ್ಲ. ಜಾಡಿಯಲ್ಲಿ ಅವನನ್ನು ನೋಡಲು ನಾನು ಹೋಗಿರಲಿಲ್ಲ.

ಮಾರನೆಯ ದಿನ ಗಾರ್ ದ ಲಿಯೋಂನಿಂದ ರೈಲು ಹತ್ತಿ ಅವನು ಹುಟ್ಟಿದ ಊರಿಗೆ ಹೋದೆ, ಮೊರೆ-ಸ್ಯೂರ್-ಲ್ವಾಂ. ಹಳೇ ಕೋಟೆಬಾಗಿಲು, ಅದನ್ನು ದಾಟಿದರೆ ಕಲ್ಲಿನ ಸೇತುವೆ, ಕೆಳಗೆ ತಿಳಿನೀರಿನ ಲ್ವಾಂ ಹೊಳೆ. ಚಿತ್ರಕಾರ ಸಿಸ್ಲೆ ಬಿಡದೆ ಬರೆದ ಸೇತುವೆ ಇದು. ನನ್ನ ಕಣ್ಣು ಹುಡುಕುತ್ತಿದ್ದುದು ಗಿರಣಿ. ಫ್ರೆಂಚಿನಲ್ಲಿ ‘ತಾಂ’ ಎಂದರೆ ಚರ್ಮ ಹದಮಾಡಲು ಕುಟ್ಟಿದ ಓಕ್ ಮರದ ತೊಗಟೆ, ನಮ್ಮ ಕಡೆ ತಂಗಡಿ ತೊಗಟೆ ಇದ್ದ ಹಾಗೆ. ಈ ಊರಲ್ಲಿ ಆ ತೊಗಟೆ ಕುಟ್ಟುವ ಗಿರಣಿಗಳಿದ್ದವು. ಲಬೋರ್ನ್‌ನ ಕಸುಬು ಚಮ್ಮಾರರಿಗೆ ಮರದ ಪಾದದಚ್ಚು ಮಾಡಿಕೊಡುವುದು. ಇದನ್ನೆಲ್ಲ ಹುಡುಕಿ 2013ರಲ್ಲಿ ಬರೆದ ಪೋಲೆಂಡಿನ ಸೆಜಾರಿ ಡೊಮಾನ್ಸ್ಕಿ, ಅವನ ಬಾಯಲ್ಲಿ ಉಳಿದದ್ದು ಊರಿನ ಈ ಗಿರಣಿಯ ಮಾತೇ ಇರಬಹುದು ಎನ್ನುತ್ತಾರೆ. ಊಹೆ ಅಷ್ಟೇ. ಆದರೂ ಹೊಳೆಯ ಸದ್ದಿನೊಳಗೆ ಒನಕೆಯ ಪೆಟ್ಟು ಕೇಳಿದಂತಾಗಿ ಮೈ ಜುಮ್ಮೆಂದಿತು. ತಾಂ. ತಾಂ.

ಅಲ್ಲಿಂದಲೇ ಮನೆಗೆ ವಿಡಿಯೋ ಕಾಲ್ ಮಾಡಿದೆ. ಹೊಳೆ ತೋರಿಸಿದೆ. “ಅದೇ?” ಎಂದರು ದೊಡ್ಡಪ್ಪ, ಸ್ವರ ಏರಿಸಿ.

“ಯಾವ ಹೊಳೆ ಅಂತ ಕೇಳ್ತಿದಾರೆ ಕಣೋ,” ಎಂದರು ದೊಡ್ಡಮ್ಮ.

“ಲ್ವಾಂ, ದೊಡ್ಡಪ್ಪ. ಎಲ್ಲಿ, ಹೇಳಿ ನೋಡೋಣ?”

“ಅದೇ.”

“ಲ್ವಾಂ ಅನ್ನಿ.”

“ಅದೇ, ಅದೇ.”

“ಇನ್ನೊಂದೇ ಸಲ, ಲ್ವಾಂ...”

ದೊಡ್ಡಪ್ಪನ ಮುಖ ಕೆಂಪಾಯಿತು. ಫೋನಿಗೆ ಬಾಯಿ ಹತ್ತಿರ ತಂದು, ಅಕ್ಷರ ಅಕ್ಷರ ಸ್ಪಷ್ಟವಾಗಿ, “ಹೋಗೋ ಕತ್ತೆ!” ಎಂದರು.

ದೊಡ್ಡಮ್ಮ ನಗು ತಡೆಯಲಾರದೆ ಫೋನು ಕೆಳಗೆ ಬೀಳಿಸಿದರು.