ಕಿರಣಚಿಕಿತ್ಸೆಗೆ ಮುಂಚಿನ ದಿನಗಳು

ಈ ಸ್ಮರಣ ಸಂಚಿಕೆಗಾಗಿ ಶಾಲೆಯ ಪೂರ್ವೇತಿಹಾಸವನ್ನು ಬರೆದುಕೊಡಬೇಕೆಂದು ಸಂಪಾದಕಿಯರು ನನ್ನನ್ನು ಕೇಳಿದರು. ಅದನ್ನು ಬರೆಯಲು ನನಗಿಂತ ಹಿರಿಯರಿದ್ದಾರೆ. ನನ್ನನ್ನು ಕಾಣಲು ಬಂದ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ನನ್ನ ರೋಗದ ಹೆಸರನ್ನು ಹೇಳಲಂಜಿ, "ಆ ಬೇನೆ" ಎಂದಷ್ಟೇ ಮಾತು ಮುಗಿಸಿದುದನ್ನು ಕಂಡೆನಾದುದರಿಂದ, ಆ ವಿಷಯವನ್ನೇ ಬರೆಯುವುದು ಲೇಸೆಂದು ತೋರಿತು. ನನಗೆ ಬಂದುದು ಎಡಸ್ತನದ ಕ್ಯಾನ್ಸರ್. ಶಸ್ತ್ರಚಿಕಿತ್ಸೆಯನ್ನು ಕುರಿತು ಹೇಳತಕ್ಕದ್ದು ಹೆಚ್ಚಿಲ್ಲ. ನಾನು ನಿದ್ರೆಯಲ್ಲಿದ್ದೆನು, ಕೆಲಸವನ್ನೆಲ್ಲ ವೈದ್ಯರು ಮಾಡಿದರು. ಕಷ್ಟವಾದುದು ಅದಕ್ಕೂ ಕಿರಣಚಿಕಿತ್ಸೆಗೂ ನಡುವಣ ಕಾಲ.

ಈ ಚಿಕಿತ್ಸೆಯಲ್ಲಿ ರೋಗಿಯು ತೋಳನ್ನು ತಲೆಯ ಮೇಲಕ್ಕೆ ಚಾಚಿ ಅಲುಗದೆ ಮಲಗಿರಬೇಕು. ಇಲ್ಲವಾದರೆ ಕಿರಣಗಳ ದಾರಿಗೆ ತೋಳೇ ಅಡ್ಡವಾಗುವುದು. ಕಂಕುಳಿನ ಗ್ರಂಥಿಗಳನ್ನು ತೆಗೆದ ಮೇಲೆ ನನ್ನ ಎಡತೋಳು ಭುಜದ ಮಟ್ಟಕ್ಕೂ ಏಳದಾಯಿತು. ಜವಳಗೇರಾದಲ್ಲಿ ನನ್ನ ತಾಯಿಯ ಮನೆಯಲ್ಲಿದ್ದುಕೊಂಡು, ಬೆರಳುಗಳನ್ನು ಇರುವೆಯ ಹಾಗೆ ಗೋಡೆಯ ಮೇಲೆ ಹತ್ತಿಸುವ ವ್ಯಾಯಾಮವನ್ನು ದಿನಕ್ಕೆ ಹಲವು ಸಾರಿ ಮಾಡಿ, ಮುಟ್ಟಿದ ಎತ್ತರಕ್ಕೆ ಸೀಮೆಸುಣ್ಣದಿಂದ ಗೆರೆಯೆಳೆಯುತ್ತಿದ್ದೆನು. ಗೆರೆಗಳು ಮೇಲೇರುತ್ತ ಬಂದವು. ಅಷ್ಟರಲ್ಲಿ ಗಾಯದ ಕೆಳಗೆ ನೀರು ತುಂಬಿ ಊದಿಕೊಂಡಿತು. ಸೂಜಿಯಿಂದ ತೆಗೆದರು, ಮತ್ತೆ ತುಂಬಿತು. ಗೆರೆ ನಾಲ್ಕು ಬೆರಳು ಕೆಳಗಿಳಿಯಿತು. ತಾಯಿಯವರು ಅದನ್ನು ಒರಸಿಬಿಡಲು ಬಂದರು, ನಾನು ಬಿಡಲಿಲ್ಲ. ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯನ್ನೂ ಬರೆಯುವೆವಲ್ಲವೆ?

ಗಾಯವು ಪೂರ್ತಿ ಮಾಯದ ಹೊರತು ಆರಂಭಿಸಲಾಗದೆಂದು ವೈದ್ಯರು ಹೇಳಿದರು. ಕಿರಣಗಳು ಮಾಯುವಿಕೆಯನ್ನು ನಿಧಾನಗೊಳಿಸುವುವಾದುದರಿಂದ ಅದು ಯುಕ್ತವೇ. ಆದರೆ ಕಾರಣವನ್ನು ತಿಳಿದ ಮಾತ್ರಕ್ಕೆ ಮನಸ್ಸು ಸುಮ್ಮನಿರುವುದೆ?

ನಮ್ಮ ಸೀಮೆಯವರು ಇದಕ್ಕಾಗಿ ದೂರದ ನಗರಕ್ಕೆ ಹೋಗಬೇಕು. ತೋಳು ಎದ್ದ ಮೇಲೆ ಅಲ್ಲಿ ಸಿ.ಟಿ. ಯಂತ್ರದಲ್ಲಿ ಮಲಗಿಸಿ ಅಳತೆ ತೆಗೆದು, ಎದೆಯ ಮೇಲೆ ಮಸಿಯ ಗುರುತುಗಳನ್ನು ಹಾಕಿ, ಅಳಿಸದಂತೆ ನೋಡಿಕೊಳ್ಳಬೇಕೆಂದು ಹೇಳಿ ಕಳುಹಿಸಿದರು. ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿಯನ್ನು ದಾಟುವುದನ್ನು ಓದುಗರು ಬಲ್ಲರು. ಬೆವರಿಗೆ ಗುರುತುಗಳು ಮಾಸಿದವು. ಮತ್ತೊಮ್ಮೆ ಪ್ರಯಾಣ, ಮತ್ತೊಮ್ಮೆ ಅಳತೆ. ಕಡೆಗೆ ನಿಶ್ಚಯವಾದ ದಿನ ಹೋದರೆ ಯಂತ್ರ ಕೆಟ್ಟಿತ್ತು, ಒಂದು ವಾರ ಬಿಟ್ಟು ಬನ್ನಿರೆಂದರು. ಅಂದು ನಾನು ಜನರೆದುರಿಗೇ ಅತ್ತೆನು. ಪ್ರಾರ್ಥನೆಯೂ ಬಾಯಿಗೆ ಬರಲಿಲ್ಲ.

ಪಕ್ಕದಲ್ಲಿ ಕುಳಿತಿದ್ದ, ನಮ್ಮ ಕಡೆಯ ಒಕ್ಕಲುತನದ ಹೆಂಗಸೊಬ್ಬಳು ಹೇಳಿದಳು: "ಯಾಕ್ ಅಳ್ತೀರಿ ಅಕ್ಕೋರ? ಕಾಲುವಿಗೆ ನೀರು ಬಿಡೋ ದಿನ ಮುಂದ ಹೋದ್ರ ಸಸಿ ಮಡಿ ಕೆಡಿಸಿಬಿಡ್ತೀವೇನ್ರಿ? ಕೊಡದಾಗ ಹೊತ್ತು ಹಾಕ್ತೀವ್ರಿ." 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ಎಡದಂಡೆಯ ರೈತರೆಲ್ಲ ಪಟ್ಟ ಆತಂಕ ನನಗೆ ನೆನಪಾಯಿತು. ಆಕೆಗೂ ಅಂದು ಚಿಕಿತ್ಸೆ ಇರಲಿಲ್ಲ. ಮನೆಯಲ್ಲಿ ಎರಡು ಎಮ್ಮೆಗಳನ್ನು ನೆರೆಯವರಿಗೆ ಒಪ್ಪಿಸಿ ಬಂದಿದ್ದಳು. ಆ ವಾರವನ್ನು ನಾವಿಬ್ಬರೂ ಒಂದೇ ಛತ್ರದಲ್ಲಿ ಕಳೆದೆವು. ಬೆಳಿಗ್ಗೆ ಸಂಜೆ ಜೊತೆಯಾಗಿ ಗೋಡೆಗೆ ಬೆರಳು ಹತ್ತಿಸಿದೆವು. ಅವಳ ತೋಳು ನನ್ನದಕ್ಕಿಂತ ಮೇಲಕ್ಕೆ ಹೋಗುತ್ತಿತ್ತು.

ಎಡಭಾಗದ ರೋಗಿಗಳಿಗೆ ಇನ್ನೊಂದು ಅಭ್ಯಾಸವುಂಟು. ದೀರ್ಘವಾಗಿ ಉಸಿರೆಳೆದು ಹಿಡಿದರೆ ಶ್ವಾಸಕೋಶವು ಉಬ್ಬಿ ಹೃದಯವು ಎದೆಗೋಡೆಯಿಂದ ದೂರ ಸರಿಯುವುದು. ಆಗ ಹೃದಯಕ್ಕೆ ತಾಕುವ ಕಿರಣ ಕಡಿಮೆ. ನಾನು 20 ಸೆಕೆಂಡು ಹಿಡಿದುದನ್ನು ಕಂಡು ಅಲ್ಲಿಯ ತರುಣಿಯು ಬೆರಗಾದಳು. ಬೋರ್ಡಿಂಗಿನಲ್ಲಿ ಬೆಳೆದವರಿಗೆ ಇದರ ಗುಟ್ಟು ಗೊತ್ತು: ಕೀರ್ತನೆಯ ಸಾಲು ಮುಗಿಯುವ ಮೊದಲು ಉಸಿರು ಬಿಟ್ಟವರನ್ನು ನಮ್ಮ ಗಾಯನದ ಉಪಾಧ್ಯಾಯಿನಿಯವರು ಕ್ಷಮಿಸುತ್ತಿರಲಿಲ್ಲ.

ಹಿಂದೆ ಈ ಚಿಕಿತ್ಸೆಗೆ ಸಾಮಾನ್ಯವಾಗಿ 25 ಸರದಿಗಳು ಬೇಕಾಗಿದ್ದವು. ಇಂಗ್ಲೆಂಡಿನಲ್ಲಿ ನಡೆದ ಪರೀಕ್ಷೆಗಳಿಂದ ಅನೇಕರಿಗೆ 15 ಸಾಕೆಂದು ತಿಳಿದುಬಂದಿತು. ಕೆಲವರಿಗೆ 5 ಕೂಡ ಸಾಕಾಗುವುದೆಂದು 2020ರಲ್ಲಿ ಪ್ರಕಟವಾಯಿತು. ಊರು ಬಿಟ್ಟು ಛತ್ರದಲ್ಲಿ ಉಳಿಯುವ ಬಡ ಹೆಂಗಸಿಗೆ ಇದೆಂತಹ ಉಪಕಾರ! ನನಗೆ 15 ಕೊಟ್ಟರು. ಮೊದಲನೆಯದು ಆದ ದಿನ ನೋವೇನೂ ಆಗಲಿಲ್ಲ. ಕೆಲವೇ ನಿಮಿಷಗಳಲ್ಲಿ ಮುಗಿಯಿತು.

ಊರಿಗೆ ಮರಳಿದಾಗ ಕಿರಣ ತಾಗಿದ ಮೈಯಿಂದ ಕೂಸುಗಳನ್ನು ಮುಟ್ಟಬಾರದೆಂದು ನೆರೆಯವರು ತಡೆದರು. ಹೊರಗಿನ ಯಂತ್ರದಿಂದ ಬಂದ ಕಿರಣ ಮೈಯಲ್ಲಿ ಉಳಿಯುವುದಿಲ್ಲವೆಂದು ನಾನು ತಿಳಿಹೇಳುತ್ತಿರುವಾಗಲೇ ತಂಗಿಯ ಮಗುವು ಬಂದು ನನ್ನ ತೊಡೆಯನ್ನೇರಿ ಕುಳಿತುಬಿಟ್ಟಿತು.